ವೆಬ್‌ಸೈಟ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್? ನಮ್ಮ ಕಂಪ್ಯೂಟರ್ ಕ್ಲಬ್ ಕಲಿತ ಪಾಠ



2025ರ ಮೇ ತಿಂಗಳಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ನಮ್ಮ ಕಾಲೇಜಿನ ವೆಬ್‌ಸೈಟ್ ಕೈಕೊಟ್ಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ರವೇಶದ ಅರ್ಜಿ ತುಂಬಲು ಲಿಂಕ್ ಒತ್ತಿದವರಿಗೆ ಅರ್ಜಿಯ ಬದಲು ಯಾವುದೋ ಜೂಜಿನ ಆಟದ ಜಾಹೀರಾತು ಕಾಣಿಸುತ್ತಿತ್ತು. ಗಲ್ಫ್‌ನಲ್ಲಿರುವ ತಂದೆಯಂದಿರು ಅಲ್ಲಿಂದಲೇ ಮಕ್ಕಳ ಅರ್ಜಿ ತುಂಬಲು ಹೋಗಿ, ಗಾಬರಿಯಾಗಿ ಕಚೇರಿಗೆ ಫೋನ್ ಮಾಡುತ್ತಿದ್ದರು. "ಇದು ನಿಮ್ಮ ಕಾಲೇಜಿನದ್ದೇ ವೆಬ್‌ಸೈಟಾ?" ಎಂದು ಒಬ್ಬರು ಕೇಳಿದಾಗ ಕಚೇರಿಯವರಿಗೆ ಏನು ಉತ್ತರ ಕೊಡಬೇಕೆಂದೇ ತಿಳಿಯಲಿಲ್ಲವಂತೆ.

ಜಾಹೀರಾತಿಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಹಿಂದಿನ ಎರಡು ವರ್ಷ ಆನ್‌ಲೈನ್‌ನಲ್ಲಿ ಬಂದ ಅರ್ಜಿಗಳೆಲ್ಲ ಅದೇ ಸರ್ವರ್‌ನಲ್ಲಿದ್ದವು. ಹೆಸರು, ವಿಳಾಸ, ಅಂಕಗಳು, ಫೋಟೋ, ಮನೆಯವರ ಮೊಬೈಲ್ ನಂಬರ್, ಎಲ್ಲವೂ ಅದರಲ್ಲಿತ್ತು. ನನ್ನ ಅರ್ಜಿಯೂ ಇತ್ತು, ನನ್ನ ಉಮ್ಮನ ನಂಬರೂ ಇತ್ತು. ಒಳಗೆ ನುಗ್ಗಿದವರು ಅದನ್ನು ನೋಡಿದರೋ ಇಲ್ಲವೋ ಇಂದಿಗೂ ನಮಗೆ ಖಚಿತವಾಗಿಲ್ಲ. ಕಾಲೇಜಿನಿಂದ ಎಲ್ಲ ಪೋಷಕರಿಗೂ ಎಚ್ಚರಿಕೆಯ ಸಂದೇಶ ಕಳಿಸಬೇಕಾಯಿತು.

ರಜೆಯಲ್ಲಿದ್ದ ಕಂಪ್ಯೂಟರ್ ಕ್ಲಬ್‌ನ ನಮ್ಮ ಐದು ಮಂದಿಯನ್ನು ಪ್ರಾಂಶುಪಾಲರು ಕರೆಸಿದರು. ಕಂಪ್ಯೂಟರ್ ಉಪನ್ಯಾಸಕರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಹೊಸ ಸರ್ವರ್ ಸಿದ್ಧ ಮಾಡಬೇಕು ಎಂದರು. ಆಗ ನಮ್ಮ ಮುಂದೆ ಬಂದ ಮೊದಲ ಪ್ರಶ್ನೆಯೇ ಈ ಲೇಖನದ ವಿಷಯ: ವೆಬ್‌ಸೈಟ್ ಇಡುವ ಸರ್ವರ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕು?

ತಪ್ಪು ಎಲ್ಲಿತ್ತು?

ಮೊದಲು ಹಳೆಯ ಸರ್ವರ್ ಏಕೆ ಹಾಳಾಯಿತು ಎಂದು ನೋಡಿದೆವು. ಅದನ್ನು ವರ್ಷಗಳ ಹಿಂದೆ ಇಲ್ಲಿಯೇ ಓದುತ್ತಿದ್ದ ಒಬ್ಬ ಹಿರಿಯ ವಿದ್ಯಾರ್ಥಿ ಸೇವೆಯೆಂದು ಮಾಡಿಕೊಟ್ಟಿದ್ದರು. ಆಗ ಅವರು ಹಾಕಿದ್ದು ಸೆಂಟ್‌ಒಎಸ್ 7. ಆ ಕಾಲಕ್ಕೆ ಅದು ತುಂಬ ಒಳ್ಳೆಯ ಆಯ್ಕೆಯೇ ಆಗಿತ್ತು, ಜಗತ್ತಿನಾದ್ಯಂತ ಸಾವಿರಾರು ವೆಬ್‌ಸೈಟ್‌ಗಳು ಅದರ ಮೇಲೆ ನಡೆಯುತ್ತಿದ್ದವು. ಅವರು ಕಾಲೇಜು ಬಿಟ್ಟು ಹೋದರು, ಈಗ ವಿದೇಶದಲ್ಲಿ ಕೆಲಸದಲ್ಲಿದ್ದಾರೆ. ಅನಂತರ ಆ ಸರ್ವರ್ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ವೆಬ್‌ಸೈಟ್ ತೆರೆಯುತ್ತಿದೆ, ಅಂದಮೇಲೆ ಎಲ್ಲ ಸರಿಯಿದೆ ಎಂದುಕೊಂಡಿದ್ದೆವು.

ಆದರೆ ಒಳಗೆ ನಡೆದದ್ದು ಬೇರೆ. ಸೆಂಟ್‌ಒಎಸ್ 7ರ ಜೊತೆಗೆ ಬರುವ ಪಿಎಚ್‌ಪಿ ಆವೃತ್ತಿ 5.4. ನಮ್ಮ ವೆಬ್‌ಸೈಟ್ ಇದ್ದದ್ದು ವರ್ಡ್‌ಪ್ರೆಸ್‌ನಲ್ಲಿ. 2019ರ ಮೇ ತಿಂಗಳಲ್ಲಿ ಬಂದ ವರ್ಡ್‌ಪ್ರೆಸ್ 5.2ಕ್ಕೆ ಕನಿಷ್ಠ ಪಿಎಚ್‌ಪಿ 5.6 ಬೇಕಾಗಿತ್ತು. ಹಾಗಾಗಿ ನಮ್ಮ ವರ್ಡ್‌ಪ್ರೆಸ್ ಅಲ್ಲಿಗೇ ನಿಂತಿತು. ಅದು ನಿಂತಮೇಲೆ ಅದರ ಪ್ಲಗ್‌ಇನ್‌ಗಳೂ ಒಂದೊಂದಾಗಿ ನಿಂತವು. ಕೊನೆಗೆ 2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7ರ ಭದ್ರತಾ ಅಪ್‌ಡೇಟ್‌ಗಳೇ ಮುಗಿದವು. ಆ ದಿನಾಂಕ ಬಹಳ ಹಿಂದೆಯೇ ಘೋಷಣೆಯಾಗಿತ್ತು. ಕಾಲೇಜಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೊನೆಗೆ ಕಳ್ಳ ನುಗ್ಗಿದ್ದು ಒಂದು ಹಳೆಯ ಪ್ಲಗ್‌ಇನ್‌ನ ಮೂಲಕ.

ಅಂದರೆ ಆಪರೇಟಿಂಗ್ ಸಿಸ್ಟಮ್ ಕೆಟ್ಟದ್ದಾಗಿರಲಿಲ್ಲ. ಅದಕ್ಕೂ ಆಯುಷ್ಯವಿದೆ ಎನ್ನುವುದನ್ನು ನಾವು ಮರೆತಿದ್ದೆವು.

ಸರ್ವರ್ ಮತ್ತು ಆಪರೇಟಿಂಗ್ ಸಿಸ್ಟಮ್

ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳತಿಯರು "ಸರ್ವರ್ ಅಂದರೆ ಏನು ಮಾರಾಯ್ತಿ?" ಎಂದು ಕೇಳುತ್ತಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಸರ್ವರ್ ಎಂದರೆ ಹಗಲು ರಾತ್ರಿ ಇಂಟರ್‌ನೆಟ್‌ಗೆ ಜೋಡಿಸಿಕೊಂಡೇ ಇರುವ ಒಂದು ಕಂಪ್ಯೂಟರ್. ನೀವು ಮೊಬೈಲ್‌ನಲ್ಲಿ ಕಾಲೇಜಿನ ವಿಳಾಸ ಒತ್ತಿದಾಗ ಪುಟವನ್ನು ಕಳಿಸಿಕೊಡುವುದು ಅದು. ಈಗ ಹೆಚ್ಚಿನವರು ಸ್ವಂತ ಯಂತ್ರ ಕೊಳ್ಳುವುದಿಲ್ಲ. ದೊಡ್ಡ ಡೇಟಾ ಸೆಂಟರ್‌ನಲ್ಲಿರುವ ಯಂತ್ರದ ಒಂದು ಪಾಲನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾರೆ. ಇದಕ್ಕೆ ವಿಪಿಎಸ್ ಎನ್ನುತ್ತಾರೆ. ನಮ್ಮದೂ ಅಂಥದ್ದೇ. ಹಾಗಾಗಿಯೇ ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೂ ವೆಬ್‌ಸೈಟ್ ನಡೆಯುತ್ತಿರುತ್ತದೆ.

ಸರ್ವರ್ ಅನ್ನು ನಮ್ಮ ಕಾಲೇಜು ಕಚೇರಿಗೆ ಹೋಲಿಸಿ ನೋಡಿ. ಕಿಟಕಿಯಲ್ಲಿ ಕುಳಿತು "ಏನು ಬೇಕು?" ಎಂದು ಕೇಳುವ ಗುಮಾಸ್ತರು ವೆಬ್ ಸರ್ವರ್ ಎಂಬ ತಂತ್ರಾಂಶ. ಅಪಾಚೆ, ಎಂಜಿನ್ಎಕ್ಸ್ ಇವೆಲ್ಲ ಈ ಕೆಲಸ ಮಾಡುತ್ತವೆ. ಒಳಗೆ ಕುಳಿತು ಪ್ರಮಾಣಪತ್ರ ಸಿದ್ಧಪಡಿಸುವವರು ಪಿಎಚ್‌ಪಿಯಂಥ ಭಾಷೆ. ಹಳೆಯ ರಿಜಿಸ್ಟರ್‌ಗಳಿರುವ ಕಪಾಟು ಡೇಟಾಬೇಸ್. ಇವರೆಲ್ಲ ಕೆಲಸ ಮಾಡುವ ಕಟ್ಟಡ, ಅದರ ಬೆಳಕು, ಬಾಗಿಲು, ಬೀಗದ ಕೈ ಯಾರ ಬಳಿ ಇರಬೇಕೆಂಬ ನಿಯಮ, ಕಾವಲುಗಾರ, ಇಷ್ಟೂ ಸೇರಿ ಆಪರೇಟಿಂಗ್ ಸಿಸ್ಟಮ್. ಕಟ್ಟಡದ ಹಿಂಬಾಗಿಲಿನ ಬೀಗ ತುಕ್ಕು ಹಿಡಿದಿದ್ದರೆ ಒಳಗಿನ ಗುಮಾಸ್ತರು ಎಷ್ಟು ಪ್ರಾಮಾಣಿಕರಾಗಿದ್ದರೂ ರಿಜಿಸ್ಟರ್ ಉಳಿಯುವುದಿಲ್ಲ.

ಮನೆಯ ಕಂಪ್ಯೂಟರ್‌ಗೆ ಚೆಂದದ ಪರದೆ, ಆಟ, ಪ್ರಿಂಟರ್ ಎಲ್ಲ ಬೇಕು. ಸರ್ವರ್‌ಗೆ ಪರದೆಯೇ ಇರುವುದಿಲ್ಲ. ದೂರದಿಂದಲೇ ಆದೇಶ ಟೈಪ್ ಮಾಡಿ ಕೆಲಸ ಮಾಡಿಸುತ್ತೇವೆ. ಅದಕ್ಕೆ ಬೇಕಾದದ್ದು ಮೂರು: ತಿಂಗಳುಗಟ್ಟಲೆ ನಿಲ್ಲದೆ ನಡೆಯುವ ಸ್ಥಿರತೆ, ಸಮಯಕ್ಕೆ ಸರಿಯಾಗಿ ಬರುವ ಭದ್ರತಾ ಅಪ್‌ಡೇಟ್, ಮತ್ತು ಕಡಿಮೆ ಮೆಮೊರಿಯಲ್ಲಿ ಕೆಲಸ ಮಾಡುವ ಗುಣ.

ನಮ್ಮ ಮುಂದಿದ್ದ ಆಯ್ಕೆಗಳು

ಮೊದಲ ದಿನದ ಸಭೆಯಲ್ಲಿ ಐದು ಮಂದಿಗೆ ಆರು ಅಭಿಪ್ರಾಯ. ಒಬ್ಬಳು "ಲ್ಯಾಬ್‌ನಲ್ಲಿರುವುದೆಲ್ಲ ವಿಂಡೋಸ್, ಸರ್ವರ್‌ಗೂ ವಿಂಡೋಸೇ ಇರಲಿ" ಎಂದಳು. ಇನ್ನೊಬ್ಬಳು "ಹ್ಯಾಕರ್‌ಗಳು ಬಳಸುವ ಕಾಲಿ ಲಿನಕ್ಸ್ ಹಾಕಿದರೆ ಹ್ಯಾಕರ್‌ಗಳೇ ಬರುವುದಿಲ್ಲ" ಎಂದಳು. ನಾನು "ಉಬುಂಟು ಇರಲಿ, ಅದರಲ್ಲೂ ತೀರಾ ಹೊಸತು ಇರಲಿ" ಎಂದೆ. ಮೂವರದ್ದೂ ಆತುರದ ಮಾತು ಎಂದು ಮರುದಿನ ಗೊತ್ತಾಯಿತು. ಒಂದೊಂದನ್ನೇ ಓದಿ ಟಿಪ್ಪಣಿ ಮಾಡಲು ಸರ್ ಹೇಳಿದರು. ನಾವು ಬರೆದುಕೊಂಡದ್ದರ ಸಾರ ಇಲ್ಲಿದೆ.

ವಿಂಡೋಸ್ ಸರ್ವರ್: ಮೈಕ್ರೋಸಾಫ್ಟ್‌ನದ್ದು. ನಮಗೆ ಪರಿಚಿತವಾದ ಕಿಟಕಿ, ಮೌಸ್ ಎಲ್ಲ ಇದರಲ್ಲಿ ಸಿಗುತ್ತವೆ. ಒಂದು ಆವೃತ್ತಿಗೆ ಒಟ್ಟು ಹತ್ತು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಇದು ದೊಡ್ಡ ಅನುಕೂಲ. ಸಂಸ್ಥೆಯ ತಂತ್ರಾಂಶ ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ ಡಾಟ್ ನೆಟ್‌ನಲ್ಲಿದ್ದರೆ ಇದೇ ಸರಿಯಾದ ಜಾಗ. ಆದರೆ ಪರವಾನಗಿಗೆ ಹಣ ಕೊಡಬೇಕು. ಪ್ರೊಸೆಸರ್‌ನ ಕೋರ್‌ಗಳ ಲೆಕ್ಕದಲ್ಲಿ ಅದರ ಬೆಲೆ ಇರುತ್ತದೆ. ವಿಪಿಎಸ್ ಬಾಡಿಗೆಗೆ ಪಡೆದರೆ ಅದು ತಿಂಗಳ ಬಾಡಿಗೆಯೊಳಗೇ ಸೇರಿಕೊಂಡು ಬರುತ್ತದೆ. ಮೆಮೊರಿಯೂ ಹೆಚ್ಚು ಬೇಕು.

ಲಿನಕ್ಸ್: ಇದು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸ. ಆಗ ಅವರಿಗೆ 21 ವರ್ಷ, ನಮಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೇ. ಅವರು ಬರೆದದ್ದು ಕರ್ನಲ್ ಎಂಬ ತಿರುಳು ಭಾಗ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯ ತಂತ್ರಾಂಶಗಳು ಅದಕ್ಕೆ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಯಾರು ಬೇಕಾದರೂ ಬಳಸಬಹುದು, ತೆರೆದು ನೋಡಬಹುದು, ಬದಲಿಸಬಹುದು, ಹಂಚಬಹುದು. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವ ಎಲ್ಲವೂ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ನಮ್ಮ ಪಕ್ಕದ ಕಾಸರಗೋಡಿನ ಸರಕಾರಿ ಶಾಲೆಗಳಿಗೆ ಹೋದರೆ ಅಲ್ಲಿನ ಲ್ಯಾಬ್‌ನಲ್ಲೂ ಕೇರಳ ಸರಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಕಾಣುತ್ತದೆ.

ಆದರೆ ಲಿನಕ್ಸ್ ಎಂದರೆ ಒಂದೇ ಅಲ್ಲ. ಅಕ್ಕಿ ಹಿಟ್ಟು ಒಂದೇ ಆದರೂ ಒಂದು ಮನೆಯಲ್ಲಿ ಪತ್ತಿರ್ ಮಾಡುತ್ತಾರೆ, ಇನ್ನೊಂದು ಮನೆಯಲ್ಲಿ ಒತ್ತು ಶಾವಿಗೆ ಮಾಡುತ್ತಾರೆ. ಹಾಗೆಯೇ ಒಂದೇ ಕರ್ನಲ್ ಇಟ್ಟುಕೊಂಡು ಬೇರೆ ಬೇರೆ ತಂಡಗಳು ಬೇರೆ ಬೇರೆ ವ್ಯವಸ್ಥೆ ಸಿದ್ಧಪಡಿಸುತ್ತವೆ. ಇವನ್ನು ಡಿಸ್ಟ್ರೋ ಎನ್ನುತ್ತಾರೆ. ಸರ್ವರ್‌ಗೆ ಹೊಂದುವ ಮುಖ್ಯವಾದವು ಇವು:

ಡೆಬಿಯನ್: 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ್ದು. ಯಾವುದೇ ಕಂಪನಿಯ ಒಡೆತನದಲ್ಲಿಲ್ಲ, ಸ್ವಯಂಸೇವಕರೇ ನಡೆಸುತ್ತಾರೆ. ಅವಸರಪಡದೆ ಚೆನ್ನಾಗಿ ಪರೀಕ್ಷಿಸಿ ಬಿಡುಗಡೆ ಮಾಡುವುದರಿಂದ ಬಹಳ ಸ್ಥಿರ. ಒಂದು ಆವೃತ್ತಿಗೆ ಸುಮಾರು ಐದು ವರ್ಷ ಅಪ್‌ಡೇಟ್ ಸಿಗುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ.

ಉಬುಂಟು: ಡೆಬಿಯನ್ ಅನ್ನೇ ಆಧಾರವಾಗಿಟ್ಟುಕೊಂಡು ಕೆನಾನಿಕಲ್ ಎಂಬ ಕಂಪನಿ 2004ರಿಂದ ಹೊರತರುತ್ತಿರುವುದು. ಇದರಲ್ಲಿ ಎರಡು ಬಗೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಅಪ್‌ಡೇಟ್. ನಡುನಡುವೆ ಬರುವ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ನಾನು ಮೊದಲ ದಿನ ಹಠ ಹಿಡಿದದ್ದು 2025ರ ಏಪ್ರಿಲ್‌ನಲ್ಲಿ ಬಂದಿದ್ದ 25.04ಕ್ಕೆ. ಅದನ್ನು ಹಾಕಿದ್ದರೆ ಮುಂದಿನ ಜನವರಿಗೇ ಅದರ ಅವಧಿ ಮುಗಿದು, ವಾರ್ಷಿಕ ಪರೀಕ್ಷೆಗೆ ಓದುವ ಹೊತ್ತಿನಲ್ಲಿ ಮತ್ತೆ ಇದೇ ಕೆಲಸ ಮಾಡಬೇಕಾಗುತ್ತಿತ್ತು! ಹೊಸತೆಲ್ಲ ಒಳ್ಳೆಯದು ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು.

ರೆಡ್ ಹ್ಯಾಟ್ ಬಳಗ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ದೊಡ್ಡ ಕಂಪನಿಗಳು ಹಣ ಕೊಟ್ಟು ಬಳಸುವಂಥದ್ದು. ಅದಕ್ಕೆ ಹೊಂದುವಂತೆ ಉಚಿತವಾಗಿ ಸಿಗುತ್ತಿದ್ದದ್ದೇ ಸೆಂಟ್‌ಒಎಸ್. 2029ರವರೆಗೆ ಇರುತ್ತದೆ ಎಂದುಕೊಂಡಿದ್ದ ಸೆಂಟ್‌ಒಎಸ್ 8ನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಘೋಷಿಸಲಾಯಿತು. ಆ ಜಾಗ ತುಂಬಲು 2021ರಲ್ಲಿ ಅಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಬಂದವು. ಇವುಗಳ ಆಯುಷ್ಯ ಸುಮಾರು ಹತ್ತು ವರ್ಷ. ಅಲ್ಮಾಲಿನಕ್ಸ್ 9ಕ್ಕೆ 2032ರ ಮೇ ತನಕ ಭದ್ರತಾ ಅಪ್‌ಡೇಟ್ ಇದೆ.

ಕಾಲಿ ಲಿನಕ್ಸ್: ಇದು ಭದ್ರತೆಯಲ್ಲಿ ಲೋಪವಿದೆಯೇ ಎಂದು ಪರೀಕ್ಷಿಸುವವರಿಗಾಗಿ ಮಾಡಿದ್ದು. ಬೀಗ ತೆರೆಯುವ ಸಲಕರಣೆಗಳಿರುವ ಪೆಟ್ಟಿಗೆ ಎನ್ನಿ. ಆ ಪೆಟ್ಟಿಗೆಯನ್ನೇ ಮನೆಯ ಬಾಗಿಲಾಗಿ ಇಡಲು ಆಗುವುದಿಲ್ಲ. ವೆಬ್‌ಸೈಟ್ ಇಡುವುದಕ್ಕೆ ಇದು ಸಲ್ಲದು.

ಒಂದು ತಪ್ಪು ನಂಬಿಕೆ

"ಲಿನಕ್ಸ್‌ಗೆ ವೈರಸ್ ಬರುವುದಿಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ನಮ್ಮ ಹಾಳಾದ ಸರ್ವರ್ ಲಿನಕ್ಸೇ ಆಗಿತ್ತು! ಯಾವುದೇ ಆಪರೇಟಿಂಗ್ ಸಿಸ್ಟಮ್ ಆಗಲಿ, ಅದರಲ್ಲಿ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ಪತ್ತೆಯಾದ ದೋಷಕ್ಕೆ ತೇಪೆ ಬರುತ್ತದೆ. ಆ ತೇಪೆಯನ್ನು ನಾವು ಹಾಕಿಕೊಂಡೆವೋ ಇಲ್ಲವೋ ಎನ್ನುವುದೇ ಮುಖ್ಯ.

2017ರ ವಾನಾಕ್ರೈ ದಾಳಿ ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಮಾಡಿಕೊಂಡವರು ಪಾರಾದರು. ಮಾಡಿಕೊಳ್ಳದ ಸಾವಿರಾರು ಕಂಪ್ಯೂಟರ್‌ಗಳು ಹಲವು ದೇಶಗಳಲ್ಲಿ ಸ್ಥಗಿತಗೊಂಡವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳನ್ನೇ ರದ್ದು ಮಾಡಬೇಕಾಯಿತು. ಇತ್ತ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಹೆಚ್ಚಿನ ಲಿನಕ್ಸ್ ಸರ್ವರ್‌ಗಳು ಬಳಸುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿತ್ತು. ಹಾಗಾಗಿ ವಿಂಡೋಸ್ ಕೆಟ್ಟದ್ದು, ಲಿನಕ್ಸ್ ಒಳ್ಳೆಯದು ಎಂಬ ವಾದದಿಂದ ಪ್ರಯೋಜನವಿಲ್ಲ.

ಕೇಳಬೇಕಾದ ಐದು ಪ್ರಶ್ನೆಗಳು

ಎರಡನೇ ದಿನ ಸರ್ ಕಪ್ಪುಹಲಗೆಯ ಮೇಲೆ ಐದು ಪ್ರಶ್ನೆ ಬರೆದು, ಪ್ರತಿಯೊಂದಕ್ಕೂ ಉತ್ತರ ಹುಡುಕಿ ಎಂದರು.

1. ವೆಬ್‌ಸೈಟ್‌ಗೆ ಯಾವ ತಂತ್ರಾಂಶ ಬೇಕು? ನಮ್ಮದು ವರ್ಡ್‌ಪ್ರೆಸ್. ಅದಕ್ಕೆ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಬೇಕು. ಇವು ವಿಂಡೋಸ್‌ನಲ್ಲೂ ನಡೆಯುತ್ತವೆ, ಆದರೆ ಲಿನಕ್ಸ್‌ನಲ್ಲಿ ಬಳಸುವವರೇ ಹೆಚ್ಚು. ಆದ್ದರಿಂದ ತೊಂದರೆ ಬಂದಾಗ ಪರಿಹಾರವೂ ಬೇಗ ಸಿಗುತ್ತದೆ. ಮೈಕ್ರೋಸಾಫ್ಟ್‌ನ ಹೊಸ ಡಾಟ್ ನೆಟ್ ಕೂಡ 2016ರಿಂದ ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂಬುದು ನಮಗೆ ಹೊಸ ವಿಷಯವಾಗಿತ್ತು. ಅಂದರೆ ಮೊದಲು ತಂತ್ರಾಂಶ ಯಾವುದೆಂದು ತೀರ್ಮಾನಿಸಬೇಕು, ಆಪರೇಟಿಂಗ್ ಸಿಸ್ಟಮ್ ಆಮೇಲೆ.

2. ಅಪ್‌ಡೇಟ್ ಯಾವಾಗ ಮುಗಿಯುತ್ತದೆ? ತಿಂಗಳು, ವರ್ಷ ಸಹಿತ ಬರೆದಿಡಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತು ವರ್ಷ ಬಾಳುವ ವ್ಯವಸ್ಥೆ ಭದ್ರತಾ ತೇಪೆಗಳನ್ನು ಕೊಡುತ್ತದೆ, ಆದರೆ ಒಳಗಿನ ತಂತ್ರಾಂಶ ಸಾಮಾನ್ಯವಾಗಿ ಹಳೆಯದೇ ಉಳಿಯುತ್ತದೆ. ನಮ್ಮ ಪಿಎಚ್‌ಪಿ 5.4 ಹಾಗೆಯೇ ಉಳಿದದ್ದು. ಹಾಗಾಗಿ ಆಯುಷ್ಯ ಎಷ್ಟೇ ಇದ್ದರೂ ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಆವೃತ್ತಿಗೆ ಹೋಗುವುದು ಒಳ್ಳೆಯದು.

3. ಖರ್ಚು ಎಷ್ಟು? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಪರದೆಯಿಲ್ಲದ ಲಿನಕ್ಸ್ ಸರ್ವರ್ ನಮ್ಮಂಥ ಸಣ್ಣ ವೆಬ್‌ಸೈಟನ್ನು 2 ಜಿಬಿ ಮೆಮೊರಿಯಲ್ಲಿ ಆರಾಮವಾಗಿ ನಡೆಸುತ್ತದೆ. ಪರದೆ ಸಹಿತ ವಿಂಡೋಸ್ ಸರ್ವರ್ ಆದರೆ ತನಗೇ ಕನಿಷ್ಠ 2 ಜಿಬಿ ಕೇಳುತ್ತದೆ, ವೆಬ್‌ಸೈಟ್‌ಗೆ ಬೇಕಾದದ್ದು ಅದರ ಮೇಲೆ. ಪರವಾನಗಿಯ ಹಣ ಬೇರೆ.

4. ಹೊಸ ಆವೃತ್ತಿಗೆ ಹೋಗುವ ದಾರಿ ಸುಲಭವೇ? ಉಬುಂಟುವಿನಲ್ಲಿ ಒಂದು ದೀರ್ಘಾವಧಿ ಆವೃತ್ತಿಯಿಂದ ಮುಂದಿನದಕ್ಕೆ ಅದೇ ಸರ್ವರ್‌ನಲ್ಲಿ ಹೋಗಲು ವ್ಯವಸ್ಥೆ ಇದೆ. ಡೆಬಿಯನ್‌ನಲ್ಲೂ ಇದೆ. ಎಲ್ಲಿ ಹೋದರೂ ಮೊದಲು ಬ್ಯಾಕಪ್ ಬೇಕು.

5. ಯಾರು ನೋಡಿಕೊಳ್ಳುತ್ತಾರೆ? ಈ ಪ್ರಶ್ನೆಗೆ ನಾವು ಐವರೂ ಒಟ್ಟಿಗೆ "ನಾವೇ ಸರ್" ಎಂದೆವು. ಆಗ ಮೂಲೆಯಲ್ಲಿ ಕೀಬೋರ್ಡ್ ಒರೆಸುತ್ತಿದ್ದ ನಮ್ಮ ಲ್ಯಾಬ್ ಸಹಾಯಕರು ನಕ್ಕು, "ನೀವು ಬರುವ ಮಾರ್ಚ್‌ಗೆ ಹೋಗುತ್ತೀರಿ. ಆಮೇಲೆ?" ಎಂದರು.

ಯಾರೂ ಮಾತಾಡಲಿಲ್ಲ. ಹಿಂದಿನ ಸರ್ವರ್ ಮಾಡಿಕೊಟ್ಟ ಆ ಹಿರಿಯ ವಿದ್ಯಾರ್ಥಿಯೂ ಹೀಗೆಯೇ "ನಾನೇ ನೋಡಿಕೊಳ್ಳುತ್ತೇನೆ" ಎಂದು ಹೇಳಿದ್ದಿರಬೇಕು. ಪಿಯುಸಿ ಎಂದರೆ ಎರಡೇ ವರ್ಷ. ಸರ್ವರ್ ಐದು ವರ್ಷ ನಡೆಯಬೇಕು. ಈ ಲೆಕ್ಕವನ್ನು ನಾವು ಮಾಡಿಯೇ ಇರಲಿಲ್ಲ.

ನಾವು ಆರಿಸಿದ್ದು

ಅಪ್‌ಡೇಟ್‌ನ ಅವಧಿಯನ್ನಷ್ಟೇ ನೋಡಿದರೆ ಅಲ್ಮಾಲಿನಕ್ಸ್ ಗೆಲ್ಲುತ್ತಿತ್ತು. ಕಂಪನಿಯ ಹಂಗಿಲ್ಲದ ಸ್ಥಿರತೆ ಬೇಕೆಂದರೆ ಡೆಬಿಯನ್. ಆದರೆ ಕಾಲೇಜಿನಲ್ಲೇ ಉಳಿಯುವವರು ನಮ್ಮ ಲ್ಯಾಬ್ ಸಹಾಯಕರು. ಲ್ಯಾಬ್‌ನ ನಾಲ್ಕು ಹಳೆಯ ಕಂಪ್ಯೂಟರ್‌ಗಳು ವಿಂಡೋಸ್‌ನ ಭಾರ ತಾಳದೆ ನಿಧಾನವಾದಾಗ ಅವುಗಳಿಗೆ ಉಬುಂಟು ಹಾಕಿ ಉಳಿಸಿಕೊಂಡದ್ದು ಅವರೇ. ಅದರ ಆದೇಶಗಳು ಅವರಿಗೆ ಅಭ್ಯಾಸವಾಗಿವೆ. ಹೊಸದಾಗಿ ಬರುವ ಮಕ್ಕಳೂ ಆ ನಾಲ್ಕು ಕಂಪ್ಯೂಟರ್‌ಗಳಲ್ಲಿ ಕಲಿಯಬಹುದು. ಆದ್ದರಿಂದ ಉಬುಂಟು 24.04 ದೀರ್ಘಾವಧಿ ಆವೃತ್ತಿಯನ್ನು ಆರಿಸಿದೆವು. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಜೊತೆಗೆ ಬರುವ ಪಿಎಚ್‌ಪಿ 8.3 ಈಗಿನ ವರ್ಡ್‌ಪ್ರೆಸ್‌ಗೆ ಸರಿಹೊಂದುತ್ತದೆ.

ನಿಮ್ಮ ಮನೆಯವರ ಅಂಗಡಿಗೋ, ಸಂಘಕ್ಕೋ ವೆಬ್‌ಸೈಟ್ ಮಾಡುವಾಗ ಉತ್ತರ ಬೇರೆಯಾಗಬಹುದು. ನಿಮಗೆ ಡೆಬಿಯನ್ ಬಲ್ಲ ಅಣ್ಣನೊಬ್ಬ ಇದ್ದರೆ ಡೆಬಿಯನ್ ಹಾಕಿ. ಲೆಕ್ಕಪತ್ರದ ತಂತ್ರಾಂಶ ವಿಂಡೋಸ್ ಬೇಡಿದರೆ ವಿಂಡೋಸ್ ಸರ್ವರ್‌ಗೆ ಹಣ ಕೊಡುವುದರಲ್ಲಿ ತಪ್ಪಿಲ್ಲ. ನಾಲ್ಕು ಪುಟದ ಸಾದಾ ವೆಬ್‌ಸೈಟ್ ಆಗಿದ್ದು ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ವಿಪಿಎಸ್ ಗೊಡವೆಯೇ ಬೇಡ. ಶೇರ್ಡ್ ಹೋಸ್ಟಿಂಗ್ ಪಡೆಯಿರಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಜವಾಬ್ದಾರಿ ಬಾಡಿಗೆಗೆ ಕೊಟ್ಟವರದ್ದೇ. ನಿಮ್ಮ ವರ್ಡ್‌ಪ್ರೆಸ್ ಮತ್ತು ಪ್ಲಗ್‌ಇನ್‌ಗಳನ್ನು ಮಾತ್ರ ನೀವು ನೋಡಿಕೊಂಡರಾಯಿತು.

ಸ್ಥಳಾಂತರದಲ್ಲಿ ಆದ ಎಡವಟ್ಟುಗಳು

ಹೊಸ ವೆಬ್‌ಸೈಟನ್ನು ಮೊದಲು ಲ್ಯಾಬ್‌ನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದೆವು. ಎಲ್ಲ ಚೆನ್ನಾಗಿತ್ತು. ಸರ್ವರ್‌ಗೆ ಹಾಕಿದರೆ ಅರ್ಧದಷ್ಟು ಫೋಟೋಗಳೇ ಇಲ್ಲ! ಸಂಜೆಯವರೆಗೆ ಹುಡುಕಿದ ಮೇಲೆ ಕಾರಣ ಗೊತ್ತಾಯಿತು. ಫೈಲ್ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದೋ ಚಿಕ್ಕದೋ ಎಂಬ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ನೋಡುವುದಿಲ್ಲ. ಲಿನಕ್ಸ್ ನೋಡುತ್ತದೆ. ಕ್ಯಾಮರಾದಿಂದ ಬಂದ ಫೋಟೋಗಳ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿತ್ತು, ನಾವು ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದಿದ್ದೆವು. ಲಿನಕ್ಸ್‌ನ ಕಣ್ಣಿಗೆ ಅವೆರಡೂ ಬೇರೆ ಬೇರೆ ಫೈಲ್. ಅಂದಿನಿಂದ ಎಲ್ಲ ಹೆಸರುಗಳನ್ನೂ ಚಿಕ್ಕಕ್ಷರದಲ್ಲೇ ಬರೆಯುವ ನಿಯಮ ಮಾಡಿಕೊಂಡೆವು.

ಎರಡನೆಯದು ಕನ್ನಡದ ತೊಂದರೆ. ಹಳೆಯ ಡೇಟಾಬೇಸ್‌ನಲ್ಲಿದ್ದ ಕನ್ನಡ ಸೂಚನೆಗಳು ಹೊಸದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡವು. ಆ ಟೇಬಲ್‌ಗಳು ಲ್ಯಾಟಿನ್ ಅಕ್ಷರಗಳಿಗಾಗಿ ಇರುವ ಹಳೆಯ ಸಂಕೇತ ಪದ್ಧತಿಯಲ್ಲಿದ್ದವು, ಹೊಸ ಮೈಎಸ್‌ಕ್ಯೂಎಲ್ ಯೂನಿಕೋಡ್ ನಿರೀಕ್ಷಿಸುತ್ತದೆ. ಸರ್ ಸಹಾಯದಿಂದ ಪರಿವರ್ತಿಸಿದ ಮೇಲೆ ಕನ್ನಡ ಮರಳಿ ಬಂತು. ಕನ್ನಡ ವೆಬ್‌ಸೈಟ್ ಮಾಡುವವರು ಮೊದಲ ದಿನವೇ ಎಲ್ಲವೂ ಯೂನಿಕೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳಿ.

ಹಳೆಯ ಅರ್ಜಿಗಳನ್ನು ಮಾತ್ರ ಹೊಸ ಸರ್ವರ್‌ಗೆ ತರಲಿಲ್ಲ. ಈಗ ಪ್ರವೇಶ ಮುಗಿದ ಕೂಡಲೇ ಅರ್ಜಿಗಳನ್ನು ಕಚೇರಿಗೆ ಇಳಿಸಿಕೊಂಡು ಸರ್ವರ್‌ನಿಂದ ಅಳಿಸುತ್ತೇವೆ. ಅಲ್ಲಿ ಇಲ್ಲದೇ ಇರುವುದನ್ನು ಯಾರೂ ಅಲ್ಲಿಂದ ಕದಿಯಲಾರರು.

ಈಗ ಹೇಗೆ ನಡೆಯುತ್ತಿದೆ?

ಉಬುಂಟು ಸರ್ವರ್ ಭದ್ರತಾ ತೇಪೆಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ಆದರೆ ಕರ್ನಲ್ ಬದಲಾದಾಗ ಮರುಚಾಲನೆ ಮಾಡಬೇಕು. ಅದನ್ನು ಶುಕ್ರವಾರ ಜುಮಾ ಬಿಡುವಿಗೆ ಮುಂಚೆ ಲ್ಯಾಬ್ ಸಹಾಯಕರು ಮಾಡುತ್ತಾರೆ, ಆ ಹೊತ್ತಿನಲ್ಲಿ ವೆಬ್‌ಸೈಟ್ ನೋಡುವವರು ಕಡಿಮೆ. ಪಾಸ್‌ವರ್ಡ್ ಬದಲು ಕೀ ಫೈಲ್ ಇದ್ದವರಷ್ಟೇ ಒಳಗೆ ಹೋಗಬಹುದು. ಕೀ ಇರುವುದು ಇಬ್ಬರ ಬಳಿ ಮಾತ್ರ: ಸರ್ ಮತ್ತು ಲ್ಯಾಬ್ ಸಹಾಯಕರು. ವಾರಕ್ಕೊಮ್ಮೆ ಬ್ಯಾಕಪ್ ಬೇರೆ ಕಡೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂದು ಲ್ಯಾಬ್‌ನಲ್ಲಿ ಪರೀಕ್ಷಿಸುತ್ತೇವೆ.

ಮಾಡಿದ ಪ್ರತಿಯೊಂದು ಕೆಲಸವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಬರೆದಿದ್ದೇವೆ. ಯಾವ ದಿನ ಏನು ಬದಲಿಸಿದೆವು, ಏಕೆ ಬದಲಿಸಿದೆವು, ಏನು ಕೆಟ್ಟಿತು, ಎಲ್ಲವೂ ಅದರಲ್ಲಿದೆ. ಅದು ಲ್ಯಾಬ್‌ನ ಕಪಾಟಿನಲ್ಲಿರುತ್ತದೆ. ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಇಷ್ಟೇ: "ಉಬುಂಟು 24.04. ಅಪ್‌ಡೇಟ್ 2029ಕ್ಕೆ ಮುಗಿಯುತ್ತದೆ. 2028ರ ಬೇಸಿಗೆ ರಜೆಯಲ್ಲಿ ಹೊಸ ಆವೃತ್ತಿಗೆ ಹೋಗಬೇಕು."

2028ರ ಬೇಸಿಗೆಯಲ್ಲಿ ನಾವು ಐವರೂ ಇಲ್ಲಿರುವುದಿಲ್ಲ. ಆ ಕೆಲಸ ಮಾಡಬೇಕಾದವರು ಬಹುಶಃ ಈಗ ಒಂಬತ್ತನೇ ತರಗತಿಯಲ್ಲಿ ಓದುತ್ತಿರಬಹುದು. ಅವರಿಗೆ ಕಲಿಸಬೇಕಾದವರಿಗೆ ಕಲಿಸಬೇಕಾದವರು ಪ್ರಥಮ ಪಿಯುಸಿಯ ನೀವು. ಆದ್ದರಿಂದ ನಮ್ಮ ಕಂಪ್ಯೂಟರ್ ಕ್ಲಬ್‌ಗೆ ಸೇರಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬ್‌ನಲ್ಲಿ ಸೇರುತ್ತೇವೆ. ವಿಜ್ಞಾನ ವಿಭಾಗದವರೇ ಆಗಬೇಕೆಂದಿಲ್ಲ, ಕೋಡಿಂಗ್ ಬರಬೇಕೆಂದೂ ಇಲ್ಲ. ನಮ್ಮ ತಂಡದಲ್ಲಿ ನೋಟ್‌ಬುಕ್ ಅನ್ನು ಅತ್ಯಂತ ಅಚ್ಚುಕಟ್ಟಾಗಿ ಬರೆದವಳು ವಾಣಿಜ್ಯ ವಿಭಾಗದವಳು.

ಪರೀಕ್ಷೆ ಆರಂಭವಾಗುವ ಮುಂಚೆ ಆ ನೋಟ್‌ಬುಕ್ ಅನ್ನು ನಿಮ್ಮಲ್ಲಿ ಯಾರಾದರೂ ಇಬ್ಬರ ಕೈಗೆ ಒಪ್ಪಿಸಬೇಕು ಎಂದಿದ್ದೇನೆ. 

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ, ಕಂಪ್ಯೂಟರ್ ಕ್ಲಬ್